ವಿಜ್ಞಾನಿಗಳ್ ಹೇಳಿರಂಬ್ರ್

“ಹ್ವಾಯ್ ಮಾಷ್ಟ್ರೇ, ಇದ್ ಕಂಡ್ರ್ಯಾ? ಚಾ ಕುಡಿದ್ರೆ ಆಯಸ್ಸ್ ಜಾಸ್ತಿ ಆತ್ತಂಬ್ರ್. ವಿಜ್ಞಾನಿಗಳ್ ಹೇಳಿರಂಬ್ರ್!”

ಹೊರಗೆ ಆಸಾಡಿಯ ಮಳೆ. ಒಳಗೆ ಕುಂದಾಪುರದ ಶಾಸ್ತ್ರಿ ಸರ್ಕಲ್ ಪಕ್ಕದ ಚಾ ಹೋಟ್ಲು. ಶೆಟ್ರು ಫೋನನ್ನು ನನ್ನ ಕನ್ನಡಕಕ್ಕೆ ತಾಗುವಷ್ಟು ಹತ್ತಿರ ಹಿಡಿದಿದ್ದರು. ಇನ್ನೊಂದು ಕೈಯಲ್ಲಿ ಆ ಬೆಳಗಿನ ಮೂರನೇ ಚಾ. ಮೊನ್ನೆಯವರೆಗೆ ಮೂರನೇ ಚಾ ಅಂದರೆ ಹೆಂಡತಿಗೆ ಹೆದರಿ ಹಿಂದೆ ಮುಂದೆ ನೋಡುತ್ತಿದ್ದ ಮನುಷ್ಯ. ಈಗ ಅವರ ಬೆನ್ನಿಗೆ ವಿಜ್ಞಾನ ನಿಂತಿದೆ.

ಕುಂದಾಪ್ರ ಕನ್ನಡದಲ್ಲಿ ‘ಅಂಬ್ರ್’ ಎಂಬುದು ಬಹಳ ಉಪಕಾರಿ ಶಬ್ದ. ಘಟ್ಟದ ಮೇಲಿನವರು ‘ಅಂತೆ’ ಅನ್ನುವ ಕಡೆ ನಾವು ‘ಅಂಬ್ರ್’ ಅನ್ನುತ್ತೇವೆ. ಹೇಳಿದವನಿಗೆ ಹೊಣೆಯಿಲ್ಲ, ಕೇಳಿದವನಿಗೆ ತಕರಾರಿಲ್ಲ. ಹಿಂದೆ ಈ ಅಂಬ್ರ್ ಮೇಲೆ ಊರಲ್ಲಿ ಸಂಬಂಧಗಳು ಮುರಿಯುತ್ತಿದ್ದವು, ಜಾಗಕ್ಕೆ ಬೆಲೆ ಏರುತ್ತಿತ್ತು. ಈಗ ಕ್ಯಾನ್ಸರ್ ಗುಣವಾಗುತ್ತಿದೆ.

ಶೆಟ್ರ ಸುದ್ದಿ ಪೂರ್ತಿ ಸುಳ್ಳೂ ಅಲ್ಲ. 2022ರಲ್ಲಿ ಬ್ರಿಟನ್ನಿನ ಸುಮಾರು 5 ಲಕ್ಷ ಜನರ ಲೆಕ್ಕ ಹಿಡಿದು ನೋಡಿದ ಅಧ್ಯಯನವೊಂದು, ದಿನಕ್ಕೆ ಎರಡು ಕಪ್ ಅಥವಾ ಹೆಚ್ಚು ಚಾ ಕುಡಿಯುವವರಲ್ಲಿ ಸಾವಿನ ಅಪಾಯ ಶೇ. 9ರಿಂದ 13ರಷ್ಟು ಕಡಿಮೆ ಇತ್ತು ಎಂದಿತು. ಕುಡಿಯುವವರಲ್ಲಿ ಕಡಿಮೆ ಇತ್ತು ಎಂದಿತೇ ಹೊರತು, ಕುಡಿದದ್ದರಿಂದಲೇ ಕಡಿಮೆಯಾಯಿತು ಎನ್ನಲಿಲ್ಲ. ಆ ಎರಡು ಮಾತಿನ ನಡುವೆ ಕುಂದಾಪುರಕ್ಕೂ ಲಂಡನ್ನಿಗೂ ಇರುವಷ್ಟು ದೂರವಿದೆ. ಚಾದ ಬಗ್ಗೆ ಇನ್ನೊಂದು ಮಾತೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ, 65 ಡಿಗ್ರಿಗಿಂತ ಬಿಸಿಯಾದ ಯಾವ ಪಾನೀಯವೂ ಅನ್ನನಾಳದ ಕ್ಯಾನ್ಸರಿಗೆ ಬಹುಶಃ ದಾರಿ ಎಂದು ಪಟ್ಟಿಗೆ ಸೇರಿಸಿತು. ಹೊಗೆಯಾಡುತ್ತಿದ್ದ ಗ್ಲಾಸು ನೋಡಿ ಇದನ್ನೂ ಶೆಟ್ರಿಗೆ ಹೇಳಿದೆ.

“ಅದೆಲ್ಲ ಸುಮ್ನೆ ಮಾರಾಯ್ರೆ,” ಅಂದರು ಶೆಟ್ರು, “ಆರಿದ್ ಚಾ ಕುಡುಕೆ ಆತ್ತಾ?”

ಒಂದೇ ಗ್ಲಾಸಿನಲ್ಲಿ ಎರಡು ಸಂಶೋಧನೆ. ಮೊದಲನೆಯದು ವಿಜ್ಞಾನ, ಎರಡನೆಯದು ಸುಮ್ನೆ. ರೋಗಿ ಬಯಸಿದ್ದೂ ಹಾಲು-ಅನ್ನ, ವೈದ್ಯ ಹೇಳಿದ್ದೂ ಹಾಲು-ಅನ್ನ ಎಂಬ ಗಾದೆ ಹುಟ್ಟಿದ ಕಾಲಕ್ಕೆ ವೈದ್ಯ ಒಬ್ಬನೇ ಇದ್ದ. ಅವನು ಹಾಲು-ಅನ್ನ ಹೇಳಿದರೆ ರೋಗಿಯ ಅದೃಷ್ಟ. ಈಗ ಫೋನಿನೊಳಗೆ ಸಾವಿರ ವೈದ್ಯರಿದ್ದಾರೆ. ಹಾಲು-ಅನ್ನ ಹೇಳುವವನು ಸಿಗುವವರೆಗೆ ಬೆರಳಾಡಿಸಿದರಾಯಿತು.

ಹೋಟ್ಲಿನ ಇನ್ನೊಬ್ಬ ಗಿರಾಕಿ ಐತಾಳ್ರದ್ದು ಬೇರೆ ಕಾಯಿಲೆ. ಏಕಾದಶಿ ಬಂತೆಂದರೆ ಅವರ ಕಡೆಯಿಂದ ಒಂದು ಮೆಸೇಜು ಬರುವುದು ಖಂಡಿತ. ನಮ್ಮ ಉಪವಾಸಕ್ಕೆ ಜಪಾನಿನವನಿಗೆ ನೊಬೆಲ್ ಬಂತಂಬ್ರ್. ನೊಬೆಲ್ ಬಂದದ್ದು ಹೌದು, 2016ರಲ್ಲಿ, ಯೊಶಿನೊರಿ ಒಸುಮಿ ಅವರಿಗೆ. ಜೀವಕೋಶ ತನ್ನೊಳಗಿನ ಹಳೆ ಸಾಮಾನನ್ನು ತಾನೇ ತಿಂದು ಕರಗಿಸಿ ಮತ್ತೆ ಬಳಸಿಕೊಳ್ಳುವ ಪರಿಯನ್ನು ಅವರು ಬಿಡಿಸಿ ತೋರಿಸಿದರು. ಅದಕ್ಕಾಗಿ ಅವರು ಉಪವಾಸ ಕೆಡವಿದ್ದು ಯೀಸ್ಟನ್ನು, ಬ್ರೆಡ್ಡು ಉಬ್ಬಿಸುವ ಯೀಸ್ಟು. ಆ ಬಡಪಾಯಿಗೆ ಫಲಾಹಾರವಿರಲಿಲ್ಲ. ಐತಾಳ್ರ ಏಕಾದಶಿಯ ಎಲೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ: ಬೆಲ್ಲದ ಅವಲಕ್ಕಿ, ಮೊಸರವಲಕ್ಕಿ, ಉಪ್ಪಿಟ್ಟು, ನಾಲ್ಕು ಬಾಳೆಹಣ್ಣು, ಮೇಲೊಂದು ಲೋಟ ಹಾಲು. ಇಂಥ ಎಲೆಯ ಮುಂದೆ ಕೂತ ಯಾವ ಜೀವಕೋಶ ತನ್ನನ್ನು ತಾನು ತಿಂದೀತು?

ಇನ್ನು ಇಲಿ. ಪತ್ರಿಕೆಯಲ್ಲಿ ಬರುವ ಆರೋಗ್ಯದ ಸುದ್ದಿಗಳನ್ನು ಒಟ್ಟುಹಾಕಿದರೆ ಭೂಮಿಯ ಮೇಲೆ ಅತ್ಯಂತ ಸುಖವಾಗಿರುವ ಪ್ರಾಣಿ ಪ್ರಯೋಗಶಾಲೆಯ ಇಲಿ. ಅದರ ಬೊಜ್ಜು ಕರಗಿದೆ, ಮರೆವು ವಾಸಿಯಾಗಿದೆ, ಸಕ್ಕರೆ ಇಳಿದಿದೆ. ಮೂಲ ಪ್ರಬಂಧದಲ್ಲಿ ‘ಇಲಿಗಳಲ್ಲಿ’ ಎಂಬ ಶಬ್ದ ಇರುತ್ತದೆ. ಅದು ಇಂಗ್ಲಿಷ್ ಪತ್ರಿಕೆಯ ಶೀರ್ಷಿಕೆಗೆ ಬರುವಾಗ ಸಣ್ಣದಾಗಿ, ಕನ್ನಡಕ್ಕೆ ಬರುವಾಗ ಕಾಣದಾಗಿ, ವಾಟ್ಸ್ಆಪ್ ತಲುಪುವ ಹೊತ್ತಿಗೆ ‘ನೀವು’ ಆಗಿರುತ್ತದೆ.

ತೆಂಗಿನೆಣ್ಣೆಯ ವಿಷಯ ಬಂದಾಗ ಮಾತ್ರ ಈ ಕರಾವಳಿ ಒಗ್ಗಟ್ಟಾಯಿತು. 2018ರಲ್ಲಿ ಜರ್ಮನಿಯ ಫ್ರೈಬರ್ಗಿನಲ್ಲಿ ಉಪನ್ಯಾಸ ಕೊಡುತ್ತಾ ಕರಿನ್ ಮಿಶೆಲ್ಸ್ ಎಂಬ ಪ್ರಾಧ್ಯಾಪಕಿ ತೆಂಗಿನೆಣ್ಣೆಯನ್ನು ‘ಶುದ್ಧ ವಿಷ’ ಎಂದುಬಿಟ್ಟರು. ಅವರಿಗೆ ಹಾರ್ವರ್ಡಿನ ನಂಟೂ ಇತ್ತು. ಭಾರತದ ತೋಟಗಾರಿಕೆ ಆಯುಕ್ತರು ಮಾತು ಹಿಂತೆಗೆದುಕೊಳ್ಳಿ ಎಂದು ಹಾರ್ವರ್ಡಿಗೆ ಪತ್ರ ಬರೆದರು. ನಮ್ಮ ಹೋಟ್ಲಿನಲ್ಲೂ ಒಂದು ವಾರ ಹಾರ್ವರ್ಡಿನ ಮಾನ ಹರಾಜಾಯಿತು. ‘ವಿಷ’ ಎಂಬುದು ಅತಿಯಾದ ಮಾತು, ಅದು ಖರೆ. ಆದರೆ ಅದರ ಹಿಂದಿನ ವರ್ಷವೇ ಅಮೆರಿಕದ ಹೃದಯ ಸಂಘ ತಣ್ಣಗೆ ಬೇರೊಂದು ಮಾತು ಹೇಳಿತ್ತು: ತೆಂಗಿನೆಣ್ಣೆಯಲ್ಲಿ ಗಟ್ಟಿ ಕೊಬ್ಬು ಹೆಚ್ಚು, ಅದು ಕೆಟ್ಟ ಕೊಲೆಸ್ಟ್ರಾಲ್ ಏರಿಸುತ್ತದೆ. ಅದಕ್ಕೆ ಯಾರೂ ಪತ್ರ ಬರೆಯಲಿಲ್ಲ. ವಿಷ ಅಂದರೂ ಓಡುತ್ತದೆ, ಅಮೃತ ಅಂದರೂ ಓಡುತ್ತದೆ. ‘ಮಿತವಾಗಿ ಬಳಸಿ’ ಎಂಬ ಮೆಸೇಜನ್ನು ಇವತ್ತಿನವರೆಗೆ ಯಾರೂ ನನಗೆ ಫಾರ್ವರ್ಡ್ ಮಾಡಿಲ್ಲ. ಘೀ ರೋಸ್ಟ್ ಹುಟ್ಟಿಸಿದ ಊರಿನವರಿಗೆ ಮಿತ ಎಂಬ ಶಬ್ದ ಯಾವ ಬಾಯಿಂದ ಬಂದೀತು?

ಅಡಿಕೆಯ ಹತ್ತಿರ ಬಂದರೆ ನಗು ನಿಲ್ಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅದೇ ಕ್ಯಾನ್ಸರ್ ವಿಭಾಗ 2004ರಲ್ಲಿ, ತಂಬಾಕು ಸೇರಿಸದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಪಂಕ್ತಿಯಲ್ಲಿ ಕೂರಿಸಿತು. 2022ರಲ್ಲಿ ಜಗತ್ತಿನಾದ್ಯಂತ ಕಂಡುಬಂದ 3,89,800 ಬಾಯಿ ಕ್ಯಾನ್ಸರ್ ಪ್ರಕರಣಗಳಲ್ಲಿ 1,20,200 ಹೊಗೆರಹಿತ ತಂಬಾಕು ಮತ್ತು ಅಡಿಕೆಯ ಲೆಕ್ಕಕ್ಕೆ ಸೇರುತ್ತವೆ ಎಂದು ಅದರ ವಿಜ್ಞಾನಿಗಳು 2024ರಲ್ಲಿ ಪ್ರಕಟಿಸಿದರು. ಈ ಸುದ್ದಿ ಹೋಟ್ಲಿಗೆ ಬಂದಾಗ ಅದು ಸಂಶೋಧನೆಯಾಗಿ ಬರಲಿಲ್ಲ, ಪಿತೂರಿಯಾಗಿ ಬಂತು. ವಿದೇಶಿ ಕಂಪನಿಯವರದ್ದಂಬ್ರ್. ಅಡಿಕೆ ರೇಟು ಬೀಳಿಸಲಿಕ್ಕಂಬ್ರ್. “ನಮ್ಮಜ್ಜ ತೊಂಬತ್ ವರ್ಷ ಎಲೆ-ಅಡ್ಕಿ ತಿಂದಿರ್, ಅವ್ರಿಗೆಂತ ಆಯ್ಲಿಲ್ಲ” ಎಂದು ಒಬ್ಬರು ಟೇಬಲ್ ಕುಟ್ಟಿದರು. ಚಾದ ಗುಣ ಸಾಬೀತು ಮಾಡಲಿಕ್ಕೆ 5 ಲಕ್ಷ ಬ್ರಿಟಿಷರು ಬೇಕಾದರು. ಅಡಿಕೆಯನ್ನು ಖುಲಾಸೆ ಮಾಡಲಿಕ್ಕೆ ಒಬ್ಬ ಅಜ್ಜ ಸಾಕು.

ಬೆಳೆಗಾರನ ಸಂಕಟ ನನಗೆ ಗೊತ್ತಿಲ್ಲದ್ದಲ್ಲ. ಗದ್ದೆ ಮುಚ್ಚಿ ಅಡಿಕೆ ಇಟ್ಟವನಿಗೆ ಸಾಲವಿದೆ, ಮಗಳ ಫೀಸಿದೆ. ಅವನಿಗೆ ದಾರಿ ತೋರಿಸದೆ ಪಟ್ಟಿ ಮಾತ್ರ ತೋರಿಸುವ ಸರಕಾರಗಳದ್ದು ದೊಡ್ಡ ತಪ್ಪು. ಆದರೆ ‘ನನಗೆ ನಷ್ಟ’ ಎಂಬುದೂ ‘ಅದು ಸುಳ್ಳು’ ಎಂಬುದೂ ಒಂದೇ ಮಾತಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ನಮ್ಮ ಹಿರಿಯರು ಎಂದೋ ಹೇಳಿಟ್ಟಿದ್ದಾರೆ. ಆ ಆನೆಯ ಮೈಯ ವಿಸ್ತೀರ್ಣ ಎಷ್ಟು ಎಂಬುದಕ್ಕೆ ಕೇರಳ ಕೃಷಿ ವಿಶ್ವವಿದ್ಯಾಲಯದ ಇಬ್ಬರು ಲೆಕ್ಕದ ಸೂತ್ರ ಕಟ್ಟಿ, 2002ರಲ್ಲಿ ಇಗ್ ನೊಬೆಲ್ ಎಂಬ ನಗೆಯ ಬಹುಮಾನ ಪಡೆದರು. ಆನೆ ಅಳತೆಗೆ ಸಿಕ್ಕಿತು, ಮಾನ ಇನ್ನೂ ಸಿಕ್ಕಿಲ್ಲ.

ಅದೇ ಬಹುಮಾನ ಅದರ ಹಿಂದಿನ ವರ್ಷ ನಮ್ಮ ಬೆಂಗಳೂರಿನ ನಿಮ್ಹಾನ್ಸಿಗೆ ಬಂದಿತ್ತು. ಚಿತ್ತರಂಜನ್ ಅಂದ್ರಾದೆ ಮತ್ತು ಬಿ.ಎಸ್. ಶ್ರೀಹರಿ ಎಂಬ ಮನೋವೈದ್ಯರು ನಾಲ್ಕು ಶಾಲೆಗಳ 200 ಮಕ್ಕಳನ್ನು ಮೂಗಿಗೆ ಬೆರಳು ಹಾಕುತ್ತೀರಾ ಎಂದು ಕೇಳಿದರು. ಹೆಚ್ಚುಕಡಿಮೆ ಎಲ್ಲರೂ ಹೌದೆಂದರು, ಅದೂ ದಿನಕ್ಕೆ ನಾಲ್ಕು ಸಲದ ಅಂದಾಜಿನಲ್ಲಿ. ಜಗತ್ತು ನಕ್ಕಿತು. ನಾವು ನಗುವ ಹಾಗಿಲ್ಲ. ಬೆರಳು ತನ್ನ ಮೂಗಿನಲ್ಲಿ, ಮೂಗು ಪಕ್ಕದ ಮನೆಯಲ್ಲಿ ಎಂಬುದು ನಮ್ಮ ಕಡೆಯ ದಿನಚರಿ. ಆ ಎರಡನೆಯ ಅಭ್ಯಾಸವನ್ನು ಯಾರೂ ಎಣಿಸಲಿಲ್ಲ, ಅದೊಂದು ಪುಣ್ಯ.

ಮನಸ್ಸಿನ ವಿಜ್ಞಾನದ ದೊಡ್ಡ ತೊಂದರೆ ಅದು ಯಾರ ಮನಸ್ಸು ಎಂಬುದು. ಹೆಸರಾಂತ ಮನಶ್ಶಾಸ್ತ್ರ ಪತ್ರಿಕೆಗಳನ್ನು ತಿರುವಿ ಹಾಕಿದ 2008ರ ಒಂದು ಲೆಕ್ಕದ ಪ್ರಕಾರ, ಪ್ರಯೋಗಕ್ಕೆ ಕೂತವರಲ್ಲಿ ಶೇ. 96 ಮಂದಿ ಬಂದದ್ದು ಜಗತ್ತಿನ ಶೇ. 12ರಷ್ಟು ಜನಸಂಖ್ಯೆಯಿರುವ ದೇಶಗಳಿಂದ. ಅವರಲ್ಲೂ ಬಹುಪಾಲು ಅಮೆರಿಕದವರು. ನಮ್ಮ ಉಪ್ಪುಂದದ, ಶಿರೂರಿನ ಯಾರನ್ನೂ ಕೇಳದೆ ‘ಮನುಷ್ಯ ಹೀಗೆ’ ಎಂದು ಬರೆದುಬಿಟ್ಟರು. 2015ರಲ್ಲಿ ಮನಶ್ಶಾಸ್ತ್ರಜ್ಞರೇ ಸೇರಿ ತಮ್ಮ 100 ಹಳೆ ಪ್ರಯೋಗಗಳನ್ನು ಮತ್ತೆ ಮಾಡಿದಾಗ, ಶೇ. 36ರಷ್ಟರಲ್ಲಿ ಮಾತ್ರ ಗಟ್ಟಿಯಾದ ಫಲ ಬಂತು.

“ಹಂಗಾರೆ ಎಲ್ಲ ಸುಳ್ಳೇ ಅಲ್ದಾ?” ಎಂದು ಐತಾಳ್ರಿಗೆ ಖುಷಿ. ಇಲ್ಲ ಐತಾಳ್ರೇ. ತಮ್ಮ ಅಂಗಡಿಯ ತಕ್ಕಡಿಯನ್ನು ತಾವೇ ಬೀದಿಗೆ ತಂದು, ತೂಕ ತಪ್ಪಿದೆ ಎಂದು ಡಂಗುರ ಹೊಡೆದವರು ಅವರು. ನಮ್ಮ ಕಡೆ ಜ್ಯೋತಿಷಿಗಳ ಎಷ್ಟೊಂದು ಅಷ್ಟಮಂಗಲ ಪ್ರಶ್ನೆ ನಡೆದಿದೆ, ಒಂದನ್ನಾದರೂ ಬೇರೆಯವರಿಂದ ಮರುಪರೀಕ್ಷೆ ಮಾಡಿಸಿ, ನೂರಕ್ಕೆ ಇಷ್ಟು ಸರಿಯಾಯಿತು ಎಂದು ಲೆಕ್ಕ ಕೊಟ್ಟದ್ದುಂಟೇ?

ಇಂಥ ಮರುಪರೀಕ್ಷೆಯಲ್ಲಿ ಪೆಟ್ಟು ತಿಂದದ್ದು ಪ್ರಸಿದ್ಧ ಮಿಠಾಯಿ ಪ್ರಯೋಗವೂ ಹೌದು. ಸ್ಟ್ಯಾನ್‌ಫರ್ಡಿನ ವಾಲ್ಟರ್ ಮಿಶೆಲ್ ಪುಟ್ಟ ಮಕ್ಕಳ ಮುಂದೆ ಮಿಠಾಯಿ ಇಟ್ಟು, ಈಗ ತಿನ್ನದೆ ಕಾದರೆ ಎರಡು ಕೊಡುತ್ತೇನೆ ಎಂದರು. ಕಾದ ಮಕ್ಕಳು ಮುಂದೆ ಓದಿನಲ್ಲಿ ಮುಂದಾದರು ಎಂದು ಲೋಕವೆಲ್ಲ ಡಂಗುರವಾಯಿತು. 2018ರಲ್ಲಿ 900ಕ್ಕೂ ಹೆಚ್ಚು ಮಕ್ಕಳ ಮಾಹಿತಿ ಹಿಡಿದು ನೋಡಿದರೆ ಫಲ ಅರ್ಧಕ್ಕಿಳಿಯಿತು. ಮನೆಯ ಪರಿಸ್ಥಿತಿಯನ್ನೂ ಲೆಕ್ಕಕ್ಕೆ ಹಿಡಿದಾಗ ಬಹುಪಾಲು ಕರಗಿಯೇ ಹೋಯಿತು. ಅಂದರೆ ಸಂಯಮ ಎಂದು ನಾವು ಹೊಗಳಿದ್ದರಲ್ಲಿ ದೊಡ್ಡ ಪಾಲು ಮನೆಯ ಅಡುಗೆ ಕೋಣೆಯದ್ದು. ನಾಳೆ ಸಿಗುವ ಭರವಸೆ ಇದ್ದವನು ಕಾಯುತ್ತಾನೆ.

ಇದರ ಕರಾವಳಿ ಆವೃತ್ತಿ ಪ್ರತಿ ವರ್ಷ ಗಂಗೊಳ್ಳಿಯಲ್ಲಿ ನಡೆಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ರಜೆ. ಕಡಲು ಹೇಳುತ್ತದೆ: ಈಗ ಮುಟ್ಟಬೇಡ, ಮತ್ತೆ ಎರಡರಷ್ಟು ಕೊಡುತ್ತೇನೆ. ರಜೆ ಮುಗಿದ ಮೇಲಿನ ಹತ್ತು ತಿಂಗಳೇ ನಿಜವಾದ ಪರೀಕ್ಷೆ. ಬೆಳಕು ಹಾಕಿ ಮೀನು ಸೆಳೆಯುವುದನ್ನು ಕೇಂದ್ರ 2017ರಲ್ಲೇ ನಿಷೇಧಿಸಿದೆ. ನಿಷೇಧ ಕಾಗದದಲ್ಲಿ, ಬೆಳಕು ಕಡಲಲ್ಲಿ. ಬೂತಾಯಿ 10 ಸೆಂ.ಮೀ., ಬಂಗುಡೆ 14 ಸೆಂ.ಮೀ. ಆಗುವ ಮೊದಲು ಹಿಡಿಯಬೇಡಿ ಎಂದು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಕೇರಳಕ್ಕೆ ಪಟ್ಟಿಯನ್ನೇ ಮಾಡಿಕೊಟ್ಟಿತು. ಬೆರಳುದ್ದದ ಮರಿ ಮಾತ್ರ ಈ ಕರಾವಳಿಯಲ್ಲಿ ಲೋಡುಗಟ್ಟಲೆ ಫಿಶ್‌ಮಿಲ್ಲಿನ ದಾರಿ ಹಿಡಿಯುತ್ತದೆ. ಇಲ್ಲಿ ಮಿಠಾಯಿ ಪ್ರಯೋಗ ತಲೆಕೆಳಗು: ಕೈಬಲೆ, ನಾಡದೋಣಿಯವನು ಕಾಯುತ್ತಾನೆ, ಅಡುಗೆ ಕೋಣೆ ತುಂಬಿದವನಿಗೇ ತಾಳ್ಮೆಯಿಲ್ಲ. ದೊಡ್ಡ ಬಂಗುಡೆ ಎಲ್ಲಿ ಎಂದು ಮೀನು ಮಾರುವ ಅಕ್ಕನನ್ನು ಕೇಳಿದೆ. “ದೊಡ್ದ್ ಎಲ್ಲಿಂದ ಬಪ್ದ್ ಮಾಷ್ಟ್ರೇ? ಮರಿ ಎಲ್ಲ ಹ್ವಾದ್ವರ್ಷವೇ ತಿಂದಾಯ್ತಲೆ!” ಅಂದಳು. ಇದಕ್ಕಿಂತ ಚಿಕ್ಕ ಸಂಶೋಧನಾ ಸಾರಾಂಶವನ್ನು ನಾನು ಓದಿಲ್ಲ.

ಕುಂದಾಪುರದ ಕೋಡಿಯ ಮರಳಲ್ಲಿ ಆಲಿವ್ ರಿಡ್ಲೆ ಕಡಲಾಮೆ ಮೊಟ್ಟೆಯಿಡುತ್ತದೆ. ಅರಣ್ಯ ಇಲಾಖೆಯವರೂ ಊರಿನ ಹುಡುಗರೂ ಗೂಡಿಗೆ ಬೇಲಿ ಹಾಕಿ ಕಾಯುತ್ತಾರೆ, ಮರಿ ಹೊರಟ ದಿನ ಊರೇ ಸೇರುತ್ತದೆ, ಫೋಟೋ ಆಗುತ್ತದೆ. ಅಷ್ಟರಮಟ್ಟಿಗೆ ನಾವು ಜೀವಶಾಸ್ತ್ರದ ಭಕ್ತರೇ. ಆದರೆ ಆಮೆಮರಿ ಗಂಡೋ ಹೆಣ್ಣೋ ಎಂದು ನಿರ್ಧರಿಸುವುದು ಮರಳಿನ ಬಿಸಿ. ಮರಳು ಕಾದಷ್ಟೂ ಹೆಣ್ಣು ಹೆಚ್ಚು. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫಿನ ಉತ್ತರ ಭಾಗದ ಹಸಿರು ಕಡಲಾಮೆಗಳಲ್ಲಿ, ಎಳೆಯವು ಶೇ. 99 ಹೆಣ್ಣೇ ಎಂದು 2018ರಲ್ಲಿ ಗೊತ್ತಾಯಿತು. ನಮ್ಮಲ್ಲಿ ತೋಟವಿರುವ ಗಂಡಿಗೆ ಹೆಣ್ಣು ಸಿಗುವುದಿಲ್ಲ ಎಂದು ದಲ್ಲಾಳಿಗಳು ಉತ್ತರ ಕರ್ನಾಟಕದವರೆಗೆ ಓಡಾಡುತ್ತಿದ್ದಾರೆ. ಇನ್ನು ಆಮೆ ಹೆಣ್ಣಿಗೆ ಗಂಡು ಹುಡುಕುವ ಕೆಲಸವೂ ಬಂದರೆ ಆ ದಲ್ಲಾಳಿಗಳಿಗೆ ಈಜು ಕಲಿಸಬೇಕಾದೀತು. ಬೇಲಿಗೆ ನಾವು ತಯಾರು, ಫೋಟೋಕ್ಕೂ ತಯಾರು. ಮರಿ ಹೊರಡುವ ಕಾಲದಲ್ಲಿ ದಡದ ಹೈಮಾಸ್ಟ್ ದೀಪ ಆರಿಸಿ ಎಂದರೆ? ಬೆಳಕು ಕಂಡ ಮರಿ ಕಡಲು ಬಿಟ್ಟು ರಸ್ತೆಗೆ ಹೊರಡುತ್ತದೆ ಎಂಬ ಸಂಶೋಧನೆ ಮತ್ತೆ ‘ಸುಮ್ನೆ’.

ಇನ್ನೊಂದು ಕಥೆ ಕೇಳಿ. 2016ರಲ್ಲಿ ಬ್ರಹ್ಮಾವರದಿಂದ ತುಸು ತೆಂಕಿಗೆ, ಮಣಿಪಾಲದಲ್ಲಿ, ವಿಜ್ಞಾನಕ್ಕೆ ಗೊತ್ತಿಲ್ಲದ ಹೊಸ ಕಪ್ಪೆಯೊಂದು ಸಿಕ್ಕ ಸುದ್ದಿ ಬಂತು. ಹೆಬ್ಬೆರಳಿನ ಉಗುರಿನಷ್ಟು, ಸುಮಾರು 1.6 ಸೆಂ.ಮೀ. ಕೂಗಿದರೆ ಚಿಮ್ಮಂಡೆ ಹುಳ ಅನಿಸಬೇಕು. ಮುರಕಲ್ಲಿನ ಹಾಸಿನ ಮೇಲೆ ಅದರ ಬದುಕು. ಕಂಡವರು ಆ ಕಲ್ಲಿನ ಹೆಸರನ್ನೇ ಅದಕ್ಕಿಟ್ಟರು: ಮೈಕ್ರೊಹೈಲಾ ಲ್ಯಾಟರೈಟ್. ಸರಕಾರಿ ದಾಖಲೆಯಲ್ಲಿ ಇಂಥ ಮುರಕಲ್ಲಿನ ಹಕ್ಕಲಿಗೆ ‘ಬಂಜರು’ ಎಂಬ ಬಿರುದಿದೆ. ಕಪ್ಪೆಯ ಹೆಸರಿನ ನೆವದಿಂದಲಾದರೂ ಜನ ಈ ನೆಲವನ್ನು ನೋಡಲಿ ಎಂಬುದು ಹೆಸರಿಟ್ಟವರ ಆಸೆ. ಆಸೆ ಈಡೇರಿತು, ನಾವು ನೆಲವನ್ನು ನೋಡಿದೆವು. ಸೈಟು ಕಂಡಿತು, ಕಲ್ಲುಕೋರೆ ಕಂಡಿತು. ‘ನಮ್ಮೂರ ಕಪ್ಪೆ ವಿಶ್ವಪ್ರಸಿದ್ಧ’ ಎಂಬ ಪತ್ರಿಕೆಯ ತುಂಡನ್ನು ಹೆಮ್ಮೆಯಿಂದ ಹಂಚಿದವರೇ, ಮನೆ ಕಟ್ಟುವಾಗ ಕಪ್ಪೆಯ ಮನೆಯಿಂದ ನಾಲ್ಕು ಲೋಡು ಕೆಂಪುಕಲ್ಲು ತರಿಸಿದರು. ಪಟ್ಟಿಯಲ್ಲಿ ನನ್ನ ಹೆಸರೂ ಇದೆ. ನನ್ನ ಮನೆಯ ಕಂಪೌಂಡು ಥರ್ಮಾಕೋಲಿನದ್ದಲ್ಲ.

ಬೇಕಾದ್ದನ್ನು ಒಪ್ಪಿ ಬೇಡದ್ದನ್ನು ‘ಸುಮ್ನೆ’ ಎನ್ನುವ ಈ ಗುಣಕ್ಕೂ ಒಂದು ಸಂಶೋಧನೆಯಿದೆ. 1979ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ 48 ವಿದ್ಯಾರ್ಥಿಗಳನ್ನು ಕರೆದರು. ಅರ್ಧ ಜನ ಮರಣದಂಡನೆಯ ಪರ, ಅರ್ಧ ಜನ ವಿರೋಧ. ಎಲ್ಲರಿಗೂ ಅವೇ ಎರಡು ಅಧ್ಯಯನಗಳನ್ನು ಓದಿಸಿದರು, ಒಂದು ಪರ, ಒಂದು ವಿರೋಧ. ಓದಿ ಮುಗಿಸಿದ ಮೇಲೆ ಪರ ಇದ್ದವರು ಇನ್ನಷ್ಟು ಪರವಾದರು, ವಿರೋಧಿಗಳು ಇನ್ನಷ್ಟು ವಿರೋಧಿಗಳಾದರು. ತಮಗೆ ಬೇಕಾದ ಅಧ್ಯಯನ ಗಟ್ಟಿಯಾಗಿ ಕಂಡಿತು, ಬೇಡದ್ದರಲ್ಲಿ ಹತ್ತು ಹುಳುಕು ಕಂಡಿತು. ಅಮೆರಿಕದವರಿಗೆ ಇದನ್ನು ಕಾಣಲಿಕ್ಕೆ ಪ್ರಯೋಗಶಾಲೆ ಬೇಕಾಯಿತು. ಇಲ್ಲಿ ಒಂದು ಗ್ಲಾಸು ಚಾಕ್ಕೆ ಕೆಲಸ ಮುಗಿಯುತ್ತದೆ.

ವಿಚಿತ್ರವೆಂದರೆ, ನಮ್ಮ ಕಾಲಬುಡದಲ್ಲೇ ನಡೆಯುವ ಸಂಶೋಧನೆಗೆ ಒಂದು ಅಂಬ್ರ್ ಕೂಡ ಇಲ್ಲ. ಬ್ರಹ್ಮಾವರದ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರ, ತಗ್ಗು ಗದ್ದೆಯಲ್ಲಿ ನೆರೆನೀರು ನಿಂತರೂ ತಾಳುವ ‘ಸಹ್ಯಾದ್ರಿ ಪಂಚಮುಖಿ’ ಎಂಬ ಕೆಂಪಕ್ಕಿ ತಳಿ ಕೊಟ್ಟಿದೆ. ಕರಾವಳಿಯ ಗದ್ದೆಗಳನ್ನು ಆಳಿದ ಎಂಒ-4 ಭತ್ತ ಕೇರಳದ ಕುಟ್ಟನಾಡಿನ ಮಂಕೊಂಬಿನದ್ದು. ಕುಚ್ಚಲಕ್ಕಿ ಗಂಜಿ ಉಣ್ಣುವಾಗ ಈ ಎರಡು ಹೆಸರು ನೆನೆದವರನ್ನು ನಾನು ಕಂಡಿಲ್ಲ. ಚಿಯಾ ಬೀಜದ ಗುಣ ಗೊತ್ತು, ಪಂಚಮುಖಿ ಗೊತ್ತಿಲ್ಲ. ಕಾರಣ ಸುಲಭ. ಚಿಯಾ ಬೀಜ ನೀರಲ್ಲಿ ನೆನೆಸಿದರೆ ಮುಗಿಯಿತು. ಪಂಚಮುಖಿಯನ್ನು ನಂಬಿದರೆ ಗದ್ದೆಗೆ ಇಳಿಯಬೇಕು.

ಇದೇ ಬ್ರಹ್ಮಾವರ ತಾಲ್ಲೂಕಿಗೆ ಸೇರುವ ಕೋಟದಲ್ಲಿ ಹುಟ್ಟಿದ ಒಬ್ಬರು, ಅರ್ಧಕ್ಕೆ ಕಾಲೇಜು ಬಿಟ್ಟವರು, 1936ರಲ್ಲಿ ಮಕ್ಕಳಿಗಾಗಿ ಮೂರು ಸಂಪುಟದ ‘ಬಾಲ ಪ್ರಪಂಚ’ ಬರೆದರು. ಮುಂದೆ ದೊಡ್ಡವರಿಗಾಗಿ ನಾಲ್ಕು ಸಂಪುಟದ ‘ವಿಜ್ಞಾನ ಪ್ರಪಂಚ’. ಶಿವರಾಮ ಕಾರಂತರು ಅಂಬ್ರ್ ಎಂಬ ಶಬ್ದ ಕೇಳಿಯೇ ಬೆಳೆದವರು, ಆದರೆ ಓದದೆ, ಹೋಗಿ ನೋಡದೆ ಒಪ್ಪುವ ಪೈಕಿ ಅಲ್ಲ. ಅವರ ಊರಿನವರಾದ ನಮಗೆ ವಿಜ್ಞಾನ ಅಂದರೆ ಈಗ ಬೆಳಿಗ್ಗೆ ಬರುವ ಶುಭೋದಯದ ಹೂವಿನ ಚಿತ್ರದ ಕೆಳಗಿನ ಎರಡು ಸಾಲು.

ಹಾಗೆಂದು ಶೆಟ್ರಿಗೂ ನನಗೂ ಅಂಕಿಅಂಶ ಶಾಸ್ತ್ರ ಕಲಿಯುವ ವಯಸ್ಸು ಇದಲ್ಲ. ಒಂದು ಒರೆಗಲ್ಲು ಸಾಕು. ಮುಂದಿನ ಸಲ ‘ವಿಜ್ಞಾನಿಗಳ್ ಹೇಳಿರಂಬ್ರ್’ ಎಂದು ಫೋನು ಕುಂಯ್‌ಗುಟ್ಟಿದಾಗ ಕೇಳಿಕೊಳ್ಳಿ: ಇದನ್ನು ನಂಬಿದರೆ ನಾನು ಏನು ಬಿಡಬೇಕಾಗುತ್ತದೆ? ಏನೂ ಬಿಡಬೇಕಿಲ್ಲ, ಇರುವುದನ್ನೇ ಇನ್ನಷ್ಟು ತಿಂದರಾಯಿತು ಎಂದಿದ್ದರೆ ಅನುಮಾನ ಪಡಿ. ಏನಾದರೂ ಬಿಡಬೇಕು ಎಂದು ಮನಸ್ಸು ಚುರ್ರೆಂದರೆ, ಹುಳುಕು ಹುಡುಕುವ ಮೊದಲು ಇನ್ನೊಮ್ಮೆ ಓದಿ.

ನಾನು ಅವತ್ತಿನಿಂದ ಚಾ ಆರಿಸಿ ಕುಡಿಯುತ್ತಿದ್ದೇನೆ. ಆರುವವರೆಗೆ ಸುಮ್ಮನೆ ಕೂರುವುದು ಹೇಗೆಂದು ಎರಡು ಗೋಳಿಬಜೆ ಹೇಳುತ್ತೇನೆ.